ನಾಲ್ಕು ಗಂಟೆಗೆ ಕಿಲೋನ ಆಪರೇಷನ್

…ಊಹೆ ಮಾಡಿ ನೋಡೋಣ, ಏನಾಗಿರಬಹುದು ಅಂತ! ಊಹೂಂ, ಹಾಗೆ ಭುಜ ಕುಣಿಸಿದ್ರೆ ನಾನು ಬಿಡೋದಿಲ್ಲ, ಯಜಮಾನ್ರೇ. ಬೆಳಿಗ್ಗೆ ಏಳಕ್ಕೆ ಈ ಡಬ್ಬಿ ಹಿಡ್ಕೊಂಡು ಮನೆ ಬಿಟ್ಟವನು ನಾನು. ಇಡೀ ಬೀದಿ. ಇಪ್ಪತ್ತಾರು ಮನೆ, ಒಂಬತ್ತು ಅಂಗಡಿ, ಒಂದು ಜಿಮ್ಮು. ಎಲ್ಲ ಮುಗಿಸಿ ಕಟ್ಟಕಡೆಗೆ ನಿಮ್ಮ ಮಾಂಸದಂಗಡಿಗೆ ಬಂದಿದೀನಿ. ಎಷ್ಟು ಬಿದ್ದಿರಬಹುದು ಡಬ್ಬಿಗೆ? ಒಂದು ಸಂಖ್ಯೆ ಹೇಳಿ, ಸುಮ್ನೆ ಬಾಯಿಗೆ ಬಂದದ್ದು… ಹೇಳಲ್ಲ? ನೀವು ಮೊದಲಿಂದ್ಲೂ ಹಾಗೇ. ಪರವಾಗಿಲ್ಲ, ನೀವು ಕತ್ತಿ ಮಸೀತಾ ಇರಿ, ನಿಮ್ಮ ಪಾಲಿನ ಮಾತೂ ನಾನೇ ಆಡ್ತೀನಿ. ರಿಟೈರಾದ ಮೇಲೆ ನನ್ನ ಹತ್ರ ದಾಸ್ತಾನು ಉಳಿದಿರೋದು ಅದೊಂದೇ.

ಡಬ್ಬಿ ಇಲ್ಲಿಡ್ಲಾ, ಈ ಕೊಚ್ಚೋ ಕೊರಡಿನ ಮೇಲೆ? ಅಯ್ಯಯ್ಯೋ, ಹಿಡೀರಿ, ಹಿಡೀರಿ! ವಾಲಿಬಿಡ್ತು ನೋಡಿ. ನಡುವೆ ತಟ್ಟೆ ಹಾಗೆ ತಗ್ಗು ಬಿದ್ದಿದೆ, ಏನಿಟ್ಟರೂ ಓರೆಯಾಗೇ ನಿಲ್ಲುತ್ತೆ ಇದರ ಮೇಲೆ… ಇರ್ಲಿ ಬಿಡಿ. ಕೈಯಲ್ಲೇ ಇಟ್ಕೋತೀನಿ.

ಮೂರು ಸಾವಿರದ ಇನ್ನೂರ ನಲವತ್ತು! ಇಡೀ ಬೀದಿಯ ಪ್ರೀತಿ, ವಿಶ್ವಾಸ, ನೆರೆಹೊರೆ, ಎಲ್ಲಾ ಸೇರಿ ಮೂರು ಸಾವಿರದ ಇನ್ನೂರ ನಲವತ್ತು. ಅದರಲ್ಲಿ ಒಂದು ಷರ್ಟಿನ ಗುಂಡಿ. ಯಾರೋ ಗುಂಡಿ ಹಾಕಿದಾರೆ ಕಣ್ರೀ! ಕಿಲೋನ ಆಪರೇಷನ್ನಿಗೆ ನಾಯಿ ಆಸ್ಪತ್ರೆಯವರು ಕೇಳಿರೋದು ಇಪ್ಪತ್ತೆರಡು ಸಾವಿರ. ನನ್ನ ಹತ್ತು ಸಾವಿರ ಕಟ್ಟಾಯ್ತು. ಬ್ಯಾಂಕಲ್ಲಿ ಠೇವಣಿ ಇದೆ, ಇಲ್ಲ ಅನ್ನಲ್ಲ, ಮುರಿಸೋಕೆ ಹೋದ್ರೆ ನನ್ನ ರುಜು ಹೊಂದ್ತಾ ಇಲ್ಲವಂತೆ. ಮೂರು ದಿನ ಬಿಟ್ಟು ಬನ್ನಿ ಅಂದ ಆ ಗುಮಾಸ್ತ. ಮೂರು ದಿನ! ಕಿಲೋಗೆ ಮೂರು ಗಂಟೆ ಇಲ್ಲ ರೀ. ಗಡಿಯಾರ ನೋಡಿ, ಎರಡೂವರೆ. ನಾಲ್ಕು ಗಂಟೆಗೆ ಆಪರೇಷನ್ನು, ಅದೂ ದುಡ್ಡು ಪೂರ್ತಿ ಕಟ್ಟಿದ್ರೆ. ಡಾಕ್ಟರಮ್ಮ ಒಳ್ಳೆಯವರೇ. ಆದ್ರೆ ಆಸ್ಪತ್ರೆ ಅವರದಲ್ಲವಲ್ಲ. "ಸಾರ್, ಕರುಳಿಗೆ ಏನೋ ಅಡ್ಡ ಸಿಕ್ಕಿಕೊಂಡಿದೆ. ನಾಳೆವರೆಗೆ ಬಿಟ್ರೆ ಕರುಳು ಕಪ್ಪಾಗುತ್ತೆ. ಆಮೇಲೆ ನೀವು ದುಡ್ಡು ತಂದು ಸುರಿದ್ರೂ ನನ್ನ ಕೈಲಿ ಆಗೋದೇನಿಲ್ಲ" ಅಂದ್ರು. ಆ ಹೆಣ್ಣುಮಗಳ ಮುಖ ನೋಡಿದ್ರೆ ನೀವೂ ಡಬ್ಬಿ ಹಿಡೀತಿದ್ರಿ.

ನಮ್ಮ ಬೀದಿ ಜನ! ಹೊಟ್ಟೆ ಉರಿಯುತ್ತೆ. ಆ ಹಲ್ಲಿನ ಡಾಕ್ಟರು ಇದಾರಲ್ಲ, ಮೂಲೆ ಮನೆಯವರು. ಇಪ್ಪತ್ತು ನಿಮಿಷ ನನ್ನ ಮಾತು ಕೇಳಿದ್ರು, ಕಣ್ಣು ಒದ್ದೆ ಮಾಡ್ಕೊಂಡು ಕೇಳಿದ್ರು. ಆಹಾ, ಇಲ್ಲಿ ದೊಡ್ಡ ನೋಟು ಬೀಳುತ್ತೆ ಅಂದ್ಕೊಂಡೆ. ಕೊನೆಗೆ ಏನು ಕೇಳಿದ್ರು ಗೊತ್ತಾ? "ಸಾರ್, ದಿನಾ ಅವನ ಹಲ್ಲು ಉಜ್ಜುತ್ತೀರಾ?" ಒಂದು ಟ್ಯೂಬ್ ಪೇಸ್ಟ್ ಕೊಟ್ಟು ಕಳಿಸಿದ್ರು! ಇಲ್ಲಿದೆ ನೋಡಿ, ಜೇಬಲ್ಲೇ ಇದೆ. ಯಾಕೆ ನಗ್ತೀರಿ? ನಗಬೇಡಿ. ನಕ್ಕರೆ ನನಗೂ ನಗು ಬರುತ್ತೆ, ಇವತ್ತು ನಗೋ ದಿನ ಅಲ್ಲ.

ಆಮೇಲೆ ಎದುರುಮನೆ ಹೆಡ್‌ಮಿಸ್ಟ್ರೆಸ್ಸು. ಅವರಿಗೆ ನನ್ನ ಮನವಿಪತ್ರ ಕೊಟ್ಟೆ. ಮೂರು ಪುಟ. ನಮ್ಮ ಮನೆಯವಳು ಹೇಳಿದ್ಲು, "ಯಾರ್ರೀ ಓದ್ತಾರೆ ಇದನ್ನ? 'ನಾಯಿಗೆ ಹುಷಾರಿಲ್ಲ, ದುಡ್ಡು ಬೇಕು' ಅಂತ ಎರಡು ಸಾಲು ಬರೀರಿ ಸಾಕು" ಅಂತ. ಎರಡು ಸಾಲಲ್ಲಿ ಕಿಲೋ ಹೇಗ್ರೀ ಹಿಡಿಸ್ತಾನೆ? ಆ ಹೆಡ್‌ಮಿಸ್ಟ್ರೆಸ್ಸಮ್ಮ ನಿಂತಲ್ಲೇ ಓದಿದ್ರು, ಪೆನ್ಸಿಲ್ ತಗೊಂಡು ಎರಡನೇ ಪುಟಕ್ಕೆ ಪೂರ್ತಿ ಅಡ್ಡಗೀಟು ಹಾಕಿದ್ರು. "ನಾಯಿಯ ಬಾಲ್ಯದ ವಿವರಣೆ ಅನಗತ್ಯ." ಐವತ್ತು ಕೊಟ್ರು. ಟೈಲರು ಅದೂ ಇಲ್ಲ. "ಸಾರ್, ಇಪ್ಪತ್ತೆರಡು ಸಾವಿರ ಹಾಕಿ ಹಳೇ ನಾಯಿ ರಿಪೇರಿ ಮಾಡಿಸ್ತೀರಾ? ಹೊಸದು ಬಿಟ್ಟಿ ಸಿಗುತ್ತೆ" ಅಂದ. ನಾನು ಬಿಟ್ಟೆನಾ? "ನಿನ್ನ ಮಿಷನ್ನಿಗೆ ನಾಲ್ಕು ಸಲ ಮೋಟಾರು ಹಾಕಿಸಿದೀಯಲ್ಲಪ್ಪ, ಅದು ಯಾವತ್ತಾದ್ರೂ ನಿನ್ನ ನೋಡಿ ಬಾಲ ಅಲ್ಲಾಡಿಸಿತ್ತಾ?" ಅಂದೆ. ಬಾಯಿ ಮುಚ್ಚಿದ. ಕೈನೂ ಮುಚ್ಚಿದ, ಅದು ಬೇರೆ ಮಾತು.

ಇದೆಲ್ಲ ಹೋಗ್ಲಿ, ನನ್ನ ಸ್ವಂತ ಭಾವಮೈದ! ಮನೆ ಮುಂದೆ ಎರಡು ಕಾರು ನಿಲ್ಲಿಸ್ಕೊಂಡಿದಾನೆ. ಫೋನ್ ಮಾಡಿದ್ರೆ ಏನಂತಾನೆ, "ಭಾವ, ನಾಯಿಗೆ ಒಂಬತ್ತು ವರ್ಷ. ಮನುಷ್ಯರ ಲೆಕ್ಕದಲ್ಲಿ ಅರವತ್ತಮೂರು. ಈ ವಯಸ್ಸಲ್ಲಿ ಆಪರೇಷನ್ ಯಾಕೆ ಸುಮ್ನೆ?" ಅರವತ್ತಮೂರು! ನನಗೆ ಅರವತ್ತೊಂಬತ್ತು ಕಣೋ ಅಂದೆ. ಟಪ್ ಅಂತ ಫೋನ್ ಇಟ್ಟ.

ಈ ಫೋಟೋನೂ ಸರಿ ಇಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ನೋಡಿ, ಡಬ್ಬಿಗೆ ಅಂಟಿಸಿದೀನಲ್ಲ. ಕಿವಿ ಎತ್ತಿ, ನಾಲಿಗೆ ಚಾಚಿ, ಮದುಮಗನ ಹಾಗೆ ಕೂತಿದಾನೆ. ಯಾರು ಕೊಡ್ತಾರೆ ದುಡ್ಡು ಇವನಿಗೆ? ನಿನ್ನೆ ಆಸ್ಪತ್ರೆಯಲ್ಲಿ, ಹೊಟ್ಟೆನೋವಲ್ಲಿ ಹೊರಳ್ತಾ ಇದ್ದಾಗ ಒಂದು ಫೋಟೋ ತೆಗೆಯೋಣ ಅಂತ ಫೋನ್ ಹಿಡಿದೆ. ನನ್ನ ನೋಡಿದ್ದೇ ತಡ, ಮತ್ತೆ ಅದೇ ಮುಖ! ಅಷ್ಟು ನೋವಲ್ಲೂ ಬಾಲ ನೆಲಕ್ಕೆ ಬಡಿದ. ಎರಡೇ ಸಲ. ಮೂರನೇ ಸಲಕ್ಕೆ ಶಕ್ತಿ ಇರಲಿಲ್ಲ.

ಒಂದ್ನಿಮಿಷ. ಕಣ್ಣಿಗೇನೋ… ನಿಮ್ಮ ಫ್ಯಾನಿನ ಗಾಳಿ.

ಈಗ ವಿಷಯಕ್ಕೆ ಬರ್ತೀನಿ. ನೀವೂ ಕೇಳಿಸ್ಕೊಂಡಿರ್ತೀರಿ, ಬೀದಿಯಲ್ಲಿ ಏನು ಮಾತಾಡ್ತಿದಾರೆ ಅಂತ. ನಿಮ್ಮ ಅಂಗಡಿ ಮೂಳೆ ತಿಂದೇ ಕಿಲೋಗೆ ಹೀಗಾಯ್ತು ಅಂತಾರೆ. ಮೂಳೆ ಕೊಟ್ಟವರೇ ಖರ್ಚು ಕೊಡ್ಲಿ ಅಂತಾರೆ. ನಾನು ಹಾಗನ್ನಲ್ಲಪ್ಪ! ನಾನು ಅಂದಿದ್ದು ಇಷ್ಟೇ, ಮೂಳೆ ಇರಬಹುದು ಅಂತ. ಯಾರ ಅಂಗಡೀದು ಅಂತ ನಾನು ಬಾಯಿಬಿಟ್ಟು ಹೇಳ್ಲಿಲ್ಲ. ಅವರೇ ಕೇಳಿದ್ರು, "ಆ ಮಾಂಸದಂಗಡಿಯವನ ಮೂಳೆನಾ?" ಅಂತ. ನಾನು… ತಲೆ ಅಲ್ಲಾಡಿಸಿದೆ. ಅಷ್ಟೇ. ಹೌದು ಅಂತ ಅಲ್ಲಾಡಿಸಿದ್ನೋ, ಅಲ್ಲ ಅಂತ ಅಲ್ಲಾಡಿಸಿದ್ನೋ, ಅವರವರು ತಿಳ್ಕೊಂಡ ಹಾಗೆ. ಆದ್ರೂ ನೀವೇ ಯೋಚನೆ ಮಾಡಿ. ದಿನಾ ಸಂಜೆ ಅವನಿಗೆ ಇಲ್ಲಿ ಒಂದು ತುಂಡು ಗ್ಯಾರಂಟಿ. ನೀವು ಯಾರಿಗೆ ತೂಗಿದ್ರೂ, ಮುಳ್ಳು ಸರಿಯಾಗಿ ನಿಂತ ಮೇಲೂ ಮೇಲೊಂದು ತುಂಡು ಹಾಕ್ತೀರಿ, ಕೆಳಗೆ ಕಾದು ಕೂತವನಿಗೂ ಒಂದು ಎಸೀತೀರಿ. ಬೀದಿಯವರಿಗೆಲ್ಲ ಅದೊಂದು ತಮಾಷೆ. "ಅವನ ಹತ್ರ ಹೋಗಿ, ಅರ್ಧ ಕೇಳಿದ್ರೆ ಮುಕ್ಕಾಲು ಬರುತ್ತೆ" ಅಂತ. ಯಾಕೆ ಹಾಗೆ ಮಾಡ್ತೀರಿ ಅಂತ ನಾನು ಯಾವತ್ತೂ ಕೇಳ್ಲಿಲ್ಲ.

ನಮ್ಮವಳು ಬೆಳಿಗ್ಗೆನೇ ಹೇಳಿದ್ಲು. ಅವಳು ಅಲ್ಲೇ ಆಸ್ಪತ್ರೆ ಬೆಂಚಿನ ಮೇಲೆ ಕೂತಿದಾಳೆ, ಗೂಡಿನ ಸರಳೊಳಗೆ ಬೆರಳು ತೂರಿಸಿ. "ಊರೆಲ್ಲ ಯಾಕೆ ಸುತ್ತುತೀರಿ? ಮೊದಲು ಅವರ ಹತ್ರ ಹೋಗಿ, ಕಿಲೋನ ಕಂಡ್ರೆ ಅವರಿಗೆ ಪ್ರಾಣ. ಇಲ್ಲ ಅನ್ನಲ್ಲ." ನಾನು ಹೂಂ ಅಂದೆ, ಕೊನೆಗೆ ಹೋಗ್ತೀನಿ ಅಂದೆ. "ಯಾಕೆ ಕೊನೆಗೆ?" ಅಂದ್ಲು. ಈ ಹೆಂಗಸರ ಪ್ರಶ್ನೆಗಳಿಗೆ ಉತ್ತರ ಇರುತ್ತೇನ್ರೀ?

ಅವನಿಗೆ ಕಿಲೋ ಅಂತ ಹೆಸರಿಟ್ಟ ಕತೆ ಗೊತ್ತಲ್ಲ ನಿಮಗೆ? ನೀವೇ ಸಾಕ್ಷಿ! ಒಂಬತ್ತು ವರ್ಷದ ಹಿಂದೆ, ರಿಟೈರಾದ ವಾರ. ಮೂವತ್ತಮೂರು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವನು, ಊರಿನ ತಕ್ಕಡಿಗಳನ್ನೆಲ್ಲ ತೂಗಿ ನೋಡಿದವನು, ಮನೆಗೆ ಬಂದ ಮರೀನ ತೂಗದೇ ಬಿಡ್ತೀನಾ? ಕರವಸ್ತ್ರದಲ್ಲಿ ಸುತ್ಕೊಂಡು ಸೀದಾ ಇಲ್ಲಿಗೆ ತಂದೆ. ದಾರಿಯಲ್ಲಿ ಕಿರಾಣಿ ಅಂಗಡಿ ಇತ್ತು, ಹಣ್ಣಿನ ಅಂಗಡಿ ಇತ್ತು, ಅಲ್ಲೆಲ್ಲೂ ನಿಲ್ಲಲಿಲ್ಲ. ಈ ತಟ್ಟೆಯಲ್ಲಿ ಕೂರಿಸಿದೆ, ಆ ತಟ್ಟೆಗೆ ಒಂದು ಕಿಲೋ ತೂಕದ ಬಟ್ಟು ಹಾಕಿದ್ರಿ. ಮುಳ್ಳು ನೆಟ್ಟಗೆ! ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ನಾನಂದೆ, ಇಡೀ ಊರಲ್ಲಿ ನಂಬೋ ಹಾಗಿರೋ ತಕ್ಕಡಿ ಇದೊಂದೇ…

ಯಾಕೆ ಮಸೆಯೋದು ನಿಲ್ಲಿಸಿದ್ರಿ?

ಅಲ್ಲ, ಅಂದ್ರೆ… ಆಗ ಹೇಳಿದ್ದು ಅದು. ಮಾತಿನ ಭರದಲ್ಲಿ. ಹಳೇ ಕೇಸು ಬೇರೆ ಮಾತು, ಅದು ನನ್ನ ಡ್ಯೂಟಿ. ನೂರು ಗ್ರಾಂ ಬಟ್ಟಿನಲ್ಲಿ ಎರಡು ಗ್ರಾಂ ಕಡಿಮೆ ಬಂತು, ಜಪ್ತಿ ಮಾಡಿದೆ, ದಂಡ ಹಾಕಿದೆ, ನೀವು ಕಟ್ಟಿದ್ರಿ, ಮುಗೀತು. ಅದಾದ ಮೇಲೆ ನಾವಿಬ್ರೂ ಎಷ್ಟು ವರ್ಷದಿಂದ ನಗ್ತಾ ಮಾತಾಡ್ತಾ ಇಲ್ವಾ? ನಾನು ಮಾತಾಡ್ತೀನಿ, ನೀವು… ನೀವೂ ಒಂದೊಂದ್ಸಲ ನಗ್ತೀರಿ. ನಿಮ್ಮ ತಂದೆಯವರು ಆಮೇಲೆ ಅಂಗಡಿಗೆ ಬರೋದು ನಿಲ್ಲಿಸಿದ್ರು ಅಂತ ಕೇಳಿದ್ದೆ. ವಯಸ್ಸಾಗಿತ್ತು ಅವರಿಗೆ. ಅಲ್ವಾ? ಆ ಶಾಲೆ ಹಾಸ್ಟೆಲಿನವರು ನಿಮ್ಮ ಹತ್ರ ತಗೊಳ್ಳೋದು ಬಿಟ್ಟಿದ್ದು… ಅವರಿಗೆ ಬೇರೆ ಕಾರಣ ಇದ್ದಿರಬಹುದು. ಆ ಸ್ಟೂಲು ಯಾಕೆ ಇನ್ನೂ ಅಲ್ಲೇ ಇಟ್ಟಿದೀರಿ, ಯಾರೂ ಕೂರಲ್ಲವಲ್ಲ?

ಅದನ್ನ ಬಿಡಿ. ಈಗ ಕಿಲೋ ಮಾತು. ಇನ್ನು ಎಂಟು ಸಾವಿರದ ಏಳ್ನೂರ ಅರವತ್ತು. ಪೂರ್ತಿ ನೀವೇ ಕೊಡಿ ಅನ್ನಲ್ಲ. ಸಾಲ ಅಂತಲೇ ಕೊಡಿ, ಬ್ಯಾಂಕಿನವನು ನನ್ನ ರುಜು ಒಪ್ಪಿದ ದಿನವೇ ತಂದು ಕೊಡ್ತೀನಿ. ಏನು, ಕಾಗದ ನೋಡ್ಬೇಕಾ? ನೋಡಿ, ಧಾರಾಳವಾಗಿ ನೋಡಿ. ಸುಳ್ಳು ಹೇಳಿ ದುಡ್ಡೆತ್ತೋನಲ್ಲ ನಾನು. ಆಸ್ಪತ್ರೆಯವರು ಎಲ್ಲಾ ಈ ಲಕೋಟೆಯಲ್ಲೇ ಹಾಕಿ ಕೊಟ್ಟಿದಾರೆ. ಖರ್ಚಿನ ಅಂದಾಜು ಮೇಲ್ಗಡೆ ಕಾಗದದಲ್ಲಿದೆ. ಅರಿವಳಿಕೆ ಇಷ್ಟು, ಹೊಲಿಗೆ ಇಷ್ಟು, ಎರಡು ದಿನದ ಗೂಡಿನ ಬಾಡಿಗೆ ಇಷ್ಟು… ಅದಲ್ಲ! ಅದು ಬೇಡ, ಅದು ಎಕ್ಸ್‌ರೇ. ಅದು ಡಾಕ್ಟರಿಗೆ ಮಾತ್ರ ಅರ್ಥ ಆಗೋದು. ಕೊಡಿ ಇಲ್ಲಿ. ಟ್ಯೂಬ್‌ಲೈಟಿಗೆ ಹಿಡೀಬೇಡ್ರೀ, ಹಾಳಾಗುತ್ತೆ! ಹಾಳಾಗುತ್ತೆ ಅಂತ ಅವರೇ…

ಮೂಳೆ ಅದು.

ಕೆಲವು ಮೂಳೆ ದುಂಡಗಿರ್ತವೆ. ನಿಮಗಿಂತ ನನಗೆ ಗೊತ್ತಾ, ನೀವು ದಿನಾ ಕೊಚ್ಚೋರು. ಗಂಟಿನ ಮೂಳೆ ಇರಬಹುದು. ಮೇಲೊಂದು ಗುಬುಟು, ಕೆಳಗೆ ಅಗಲ… ನೆರಳು ಕಣ್ರೀ, ನೆರಳಲ್ಲಿ ಏನು ಬೇಕಾದ್ರೂ ಕಾಣುತ್ತೆ.

ಎಲ್ಲಿಗೆ ಹೋಗ್ತೀರಿ? ಅದ್ಯಾಕೆ ಈಗ ಬಟ್ಟಿನ ಮಣೆ?… ನನಗೆ ಗೊತ್ತು, ನೂರು ಗ್ರಾಂ ಬಟ್ಟು ಕೂರೋ ಗುಣಿ ಖಾಲಿ ಇದೆ. ಹದಿನೈದು ವರ್ಷದಿಂದ ಖಾಲಿ ಇಟ್ಟಿದೀರಿ, ಎರಡು ಐವತ್ತು ಹಾಕಿ ನೂರು ತೂಗ್ತೀರಿ. ಪ್ರತಿ ಸಲ ನಾನು ಇಲ್ಲಿಗೆ ಬಂದಾಗ್ಲೂ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಹೊಸದೊಂದು ಕೊಂಡ್ರೆ ಏನಾಗ್ತಿತ್ತು ನಿಮಗೆ? ಅಂಗಡಿಯಲ್ಲಿ ಸಿಗಲ್ವಾ?

ಆ ಐವತ್ತರದನ್ನ ಎಕ್ಸ್‌ರೇ ಪಕ್ಕ ಹಿಡೀಬೇಡಿ. ಗೊತ್ತಾಯ್ತು. ಒಂದೇ ಆಕಾರ. ಅಣ್ಣ-ತಮ್ಮ. ಗೊತ್ತಾಯ್ತು ಅಂದ್ನಲ್ಲ!

ಏನಾದ್ರೂ ಅನ್ನಿ. ಬೈರಿ. ಬೀದಿಯವರನ್ನೆಲ್ಲ ಕರೀರಿ. ಸುಮ್ನೆ ಯಾಕೆ… ಗಲ್ಲಾಪೆಟ್ಟಿಗೆ ಯಾಕೆ ತೆಗೀತೀರಿ? ಏನ್ರೀ ಇದು? ಎಣಿಸದೇ ಹಾಕ್ತಾ ಇದೀರಲ್ಲ, ಡಬ್ಬಿ ತೂತಿಗೆ ಹಿಡೀತಾ ಇಲ್ಲ, ಮುಚ್ಚಳ ತೆಗೀತೀನಿ ಇರಿ… ಸಾಕು, ಸಾಕು, ಇದು ಜಾಸ್ತಿ ಆಯ್ತು. ಇಲ್ಲೂ ಮೇಲೊಂದು ತುಂಡಾ? ಯಾಕ್ರೀ ಹೀಗೆ ಮಾಡ್ತೀರಿ ನನಗೆ?

ಸರಿ. ಆಯ್ತು. ದುಡ್ಡು ಸಿಕ್ತು. ಮೂರು ಆಗ್ತಾ ಬಂತು, ನಾನು ಹೊರಡ್ತೀನಿ. ಆಸ್ಪತ್ರೆಗೆ ಹತ್ತು ನಿಮಿಷ.

…

ನೀವು ಏನೂ ಕೇಳಲ್ವಾ?

ಒಂದು ಮಾತು ಕೇಳಿದ್ರೆ ನಾನು ಒಂದು ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ನನಗೆ ಬರುತ್ತೆ ಅದು. ನಿನ್ನೆ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿ "ಇದೇನು ಸಾರ್, ಯಾವುದೋ ಲೋಹದ ವಸ್ತು, ಮನೇಲಿ ಏನಾದ್ರೂ ಕಾಣೆಯಾಗಿದೆಯಾ?" ಅಂದ್ರು. ಒಂದೇ ನೋಟಕ್ಕೆ ಗುರುತು ಹಿಡಿದೆ. ಗೊತ್ತಿಲ್ಲಮ್ಮ ಅಂದೆ. ಪಕ್ಕದಲ್ಲಿ ನಮ್ಮವಳು. ಮೊನ್ನೆ ಅವಳೇ ನನ್ನ ಹಳೇ ಟ್ರಂಕು ತೆಗೆದು ಬಿಸಿಲಿಗೆ ಇಟ್ಟಿದ್ಲು. ಅದರ ತಳದಲ್ಲಿ ಒಂದು ಹಳೇ ಕಾಲುಚೀಲ, ಬೆರಳಿನ ಕಡೆ ಗಂಟು ಹಾಕಿದ್ದು. ಕಿಲೋಗೆ ಕಾಲುಚೀಲ ಅಂದ್ರೆ ನಿಮಗೆ ಗೊತ್ತಲ್ಲ, ನನ್ನ ಒಂದು ಜೊತೇನೂ ನೆಟ್ಟಗಿಲ್ಲ. ಗಂಟಿನ ಸಮೇತ ನುಂಗಿಬಿಟ್ಟ. ಅದರೊಳಗಿತ್ತು. ನಿಮ್ಮ ನೂರು ಗ್ರಾಂ.

ಅವತ್ತು ನಮ್ಮ ಸಾಹೇಬರು ಹೊರಗೆ ಜೀಪಲ್ಲಿ ಕೂತಿದ್ರು. ಮೂರು ತಿಂಗಳ ಲೆಕ್ಕ ಒಪ್ಪಿಸೋ ಕಡೇ ದಿನ. ನನ್ನ ಹೆಸರಲ್ಲಿ ಒಂದೂ ಕೇಸಿಲ್ಲ. "ಇಡೀ ಊರೇ ಸತ್ಯವಂತರೇನ್ರೀ ನಿಮ್ಮ ಏರಿಯಾದಲ್ಲಿ?" ಅಂತ ದಾರಿಯುದ್ದಕ್ಕೂ ಚುಚ್ಚಿದ್ರು. ನಿಮ್ಮ ಮೇಜಿನ ಮೇಲೆ ಮಾಂಸ ಹರಡಿತ್ತು, ಜಾಗ ಇರಲಿಲ್ಲ. ನನ್ನ ಪರೀಕ್ಷೆ ತಕ್ಕಡಿ ಎಲ್ಲಿಟ್ಟೆ? ಇದರ ಮೇಲೆ. ಈ ಕೊರಡಿನ ಮೇಲೆ! ನಿಮ್ಮ ತಂದೆ ಕತ್ತಿ ಹಾಕಿ ಹಾಕಿ ತಗ್ಗಾದ ಇದರ ಮೇಲೆ. ತಕ್ಕಡಿ ಇಟ್ಟ ತಕ್ಷಣ ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡ್ಬೇಕು, ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಲ್ಲಬೇಕು, ಆಮೇಲೆ ತೂಕ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸೋ ಪಾಠ ಅದು. ನಾನು ಹೊಸಬರಿಗೆ ಕಲಿಸ್ತಿದ್ದ ಪಾಠ! ಗುಳ್ಳೆ ಕಡೆ ನಾನು ನೋಡಲೇ ಇಲ್ಲ. ಸಾಹೇಬರು ಹಾರ್ನ್ ಹೊಡೆದ್ರು. ಮುಳ್ಳು ಎರಡು ಗೆರೆ ಆಚೆ ನಿಂತಿತ್ತು. ನನಗೆ ಬೇಕಾಗಿದ್ದೂ ಅದೇ.

ನಿಮ್ಮ ತಂದೆ ಆ ಸ್ಟೂಲಿಂದ ಎದ್ದು ಬಂದ್ರು. "ಸ್ವಾಮಿ, ಇನ್ನೊಂದು ಸಲ ತೂಗಿ" ಅಂದ್ರು. ಗಲಾಟೆ ಮಾಡ್ಲಿಲ್ಲ, ಅಂಗಲಾಚಲಿಲ್ಲ. ಅಷ್ಟೇ ಮಾತು. ಗಿರಾಕಿಗಳು ನಿಂತಿದ್ರು. ನಾನೇನಂದೆ? "ನಿಮ್ಮ ಬಟ್ಟು ಸತ್ಯ, ಸರ್ಕಾರದ ತಕ್ಕಡಿ ಸುಳ್ಳಾ?" ಅಂದೆ. ಜನ ನಕ್ಕರು. ನೀವು ಇಲ್ಲೇ ನಿಂತಿದ್ರಿ, ಈಗ ನಿಂತ ಜಾಗದಲ್ಲೇ.

ಸಂಜೆ ಆಫೀಸಿನಲ್ಲಿ ಕಲ್ಲಿನ ಮೇಜಿನ ಮೇಲೆ, ಗುಳ್ಳೆ ನಡುವಿಗೆ ತಂದು, ಮತ್ತೆ ತೂಗಿದೆ. ಮುಳ್ಳು ನೆಟ್ಟಗೆ ನಿಂತಿತು. ಮೂರು ಸಲ ತೂಗಿದೆ. ಮೂರು ಸಲವೂ ನೆಟ್ಟಗೆ. ಒಂದು ಸಾಲು ಬರೆದಿದ್ರೆ ಮುಗೀತಿತ್ತು, "ನನ್ನಿಂದ ತಪ್ಪಾಗಿದೆ" ಅಂತ. ಅಷ್ಟರಲ್ಲಿ ಸಾಹೇಬರು ಬೆನ್ನು ತಟ್ಟಿ ಹೋಗಿದ್ರು. ಜಪ್ತಿ ಮಾಡಿ ಕರಗಿಸಿದ ಮಾಲಿನ ಪಟ್ಟಿಗೆ ಅದನ್ನ ಸೇರಿಸಿ ಬರೆದೆ, ಆದ್ರೆ ಕರಗಿಸೋಕೆ ಕೈ ಬರಲಿಲ್ಲ, ತಂದುಕೊಡೋಕೆ ಕಾಲು ಬರಲಿಲ್ಲ. ಕಾಲುಚೀಲದಲ್ಲಿ ಹಾಕಿ ಗಂಟು ಬಿಗಿದೆ. ಅವತ್ತಿಂದ ನೀವು ಮೇಲೊಂದು ತುಂಡು ಹಾಕೋಕೆ ಶುರು ಮಾಡಿದ್ರಿ. ಆ ಒಂದೊಂದು ತುಂಡನ್ನೂ ನಾನು ನೋಡಿದೀನಿ, ಯಜಮಾನ್ರೇ. ಹದಿನೈದು ವರ್ಷ. ಅದೇ ತುಂಡು ತಿಂದು ನನ್ನ ಕಿಲೋ ಬೆಳೆದ. ಇವತ್ತು ಬೆಳಿಗ್ಗೆ ಅದೇ ತುಂಡಿನ ಮೇಲೆ ಮತ್ತೆ ತಪ್ಪು ಹೊರಿಸಿ, ಮನೆಮನೆ ಮುಂದೆ ತಲೆ ಅಲ್ಲಾಡಿಸಿ ಬಂದೆ.

ಪೆನ್ನು ನನ್ನ ಹತ್ರ ಇದೆ. ನೀವು ಮಾಂಸ ಕಟ್ಟೋ ಕಾಗದ ಒಂದು ಹಾಳೆ ಕೊಡಿ. ದೊಡ್ಡದೇ ಕೊಡಿ. ಮೂರು ಪುಟ ಬರೆಯಲ್ಲ, ಹೆದರಬೇಡಿ. ನಮ್ಮವಳು ಹೇಳಿದ ಹಾಗೆ ಎರಡೇ ಸಾಲು. ಇದನ್ನ ಹೊರಗಡೆ ಬಾಗಿಲಿಗೆ ಅಂಟಿಸಿ. ಹೆಡ್‌ಮಿಸ್ಟ್ರೆಸ್ಸು ಓದ್ಲಿ, ಟೈಲರು ಓದ್ಲಿ. ಕಿಲೋ ಹೊಟ್ಟೆಯಿಂದ ಅದು ಹೊರಗೆ ಬಂದ ಮೇಲೆ ತೊಳೆದು ನಾನೇ ತರ್ತೀನಿ, ಆ ಗುಣಿಯಲ್ಲಿ ನಾನೇ ಇಡ್ತೀನಿ. ನೀವು ಒಪ್ಪಿದ್ರೆ. ಒಪ್ಪದಿದ್ರೂ ತರ್ತೀನಿ.

"ಈ ಅಂಗಡಿಯಿಂದ ನಾನು ಜಪ್ತಿ ಮಾಡಿದ ನೂರು ಗ್ರಾಂ ಬಟ್ಟು ಸರಿಯಾಗಿತ್ತು. ತಪ್ಪು ತೂಗಿದವನು ನಾನು." ಕೆಳಗೆ ನನ್ನ ರುಜು. ನೋಡಿ, ಎಷ್ಟು ನೆಟ್ಟಗೆ ಬಂದಿದೆ, ಇದನ್ನೇ ಬ್ಯಾಂಕಿನವನಿಗೆ ತೋರಿಸಬೇಕಿತ್ತು. ಇನ್ನು ದಿನಾಂಕ. ಬೇಡ, ಕ್ಯಾಲೆಂಡರ್ ಕಡೆ ತಿರುಗಬೇಡಿ. ಇವತ್ತಿಂದಲ್ಲ ಬರೆಯೋದು, ಅವತ್ತಿಂದು. ಅದನ್ನ ನಾನು ಎಲ್ಲೂ ನೋಡಬೇಕಾಗಿಲ್ಲ. ಎರಡು ಸಾವಿರದ ಒಂಬತ್ತು, ಸೆಪ್ಟೆಂಬರ್ ಮೂವತ್ತು, ಬುಧವಾರ.